ಗಿಡ ಹೆಚ್ಚೋ, ಡಾಲ್ಫಿನ್ ಹೆಚ್ಚೋ

ಮಾರ್ಚ್ ತಿಂಗಳು ಬಂತೆಂದರೆ ಜಾವಳಿಯ ರುದ್ರಪ್ಪನವರಿಗೆ ಒಂದು ಪ್ರಶ್ನೆಯ ಭಯ. ಕೇಳುವವನು ತೋಟದ ಆಳುಗಳ ಮೇಸ್ತ್ರಿ ಗುರುವಯ್ಯ. ಪಾಪ, ಅವನದೇನೂ ತಪ್ಪಿಲ್ಲ. ಕೇಳುವುದು ಅವನ ಕೆಲಸ. ಕಾಫಿ ಕೊಯ್ಲು ಮುಗಿದು, ಕಣ ಗುಡಿಸಿಟ್ಟು, ಬೋರರ್ ಹುಡುಕುವ ಕೆಲಸ ಹಿಡಿಯುವ ದಿನ ಬೆಳಿಗ್ಗೆ ಅವನು ಅಂಗಳದ ಅಂಚಿಗೆ ಬಂದು ನಿಲ್ಲುತ್ತಿದ್ದ. ತಲೆಗೆ ಸುತ್ತಿದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಒಂದೆರಡು ಸಲ ಕೆಮ್ಮಿ, ಆಮೇಲೆ ಕೇಳುತ್ತಿದ್ದ. 2004ರ ಮಾರ್ಚಿನಲ್ಲೂ ಹಾಗೆಯೇ ಕೇಳಿದ.

“ಕಲ್ಲೇಶಣ್ಣನ ಬ್ಲಾಕಿಗೆ ಈ ಸಲ ಏನ್ ಮಾಡೋದು ಸಾವ್ಕಾರ್ರೆ?”

ರುದ್ರಪ್ಪನವರು ಆಗಷ್ಟೇ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಜಗಲಿಗೆ ಬಂದು ಕೂತಿದ್ದರು. ಉತ್ತರ ಬಾಯಲ್ಲೇ ಸಿದ್ಧವಾಗಿತ್ತು. “ನಿಂಗೆ ಗೊತ್ತಲ್ಲ ಮಾರಾಯ. ಅಮ್ಮಾವ್ರ ಮುಖ ನೋಡಕ್ಕಾಗಲ್ಲ. ಅದೊಂದು ಬಿಟ್ಟು ಬಾಕಿದೆಲ್ಲ ನೋಡಿ.”

“ಈ ಸಲ ಅದೊಂದು ಬಿಟ್ರೆ ಬಾಕಿದೂ ಇರಲ್ಲ ಸಾವ್ಕಾರ್ರೆ,” ಎಂದ ಗುರುವಯ್ಯ. ಹೆದರಿಸಲಿಕ್ಕೆ ಹೇಳಿದ್ದಲ್ಲ, ಹೇಳಿ ಹೇಳಿ ಸಾಕಾಗಿ ಹೇಳಿದ್ದು. “ನಿಮ್ಮಪ್ಪಾರು ಹಾಕಿದ ಹಳೇ ಗಿಡಕ್ಕೂ ಬಂದೈತೆ. ನಿನ್ನೆ ನಾನೇ ನೋಡ್ಕಂಡ್ ಬಂದೆ. ಹೂಮಳೆ ಒಂದು ಬಿದ್ರೆ ಮುಗೀತು.”

ಬೋರರ್ ಎಂದರೆ ಅರೇಬಿಕಾ ಕಾಫಿ ಗಿಡದ ಕಾಂಡ ಕೊರೆಯುವ ಹುಳ. ದುಂಬಿಯೊಂದು ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮರಿಹುಳ ಒಳಹೊಕ್ಕು, ತಿನ್ನುತ್ತ ತಿನ್ನುತ್ತ ಬೇರಿನವರೆಗೂ ಇಳಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಗಿಡ ಹಸಿರಾಗಿಯೇ ಇರುತ್ತದೆ. ಹೆಚ್ಚೆಂದರೆ ಕಾಂಡದ ಮೇಲೆ ಬಳೆಯಂಥ ಒಂದು ಏಣು, ತುದಿಯಲ್ಲಿ ನಾಲ್ಕು ಹಳದಿ ಎಲೆ. ಕಾಫಿ ಹೂ ಬಿಡಿಸುವ ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಒಳಗಿದ್ದದ್ದು ದುಂಬಿಯಾಗಿ ಹೊರಬಂದು ಪಕ್ಕದ ಗಿಡ ಹುಡುಕಿಕೊಂಡು ಹೋಗುತ್ತದೆ. ಇದಕ್ಕೆ ಆ ಸೀಮೆಯವರು ನಂಬಿದ ಮದ್ದು ಒಂದೇ. ಮಳೆಗೆ ಮುಂಚೆ ಸಾಲು ಸಾಲಾಗಿ ಹುಡುಕಿ, ಹಿಡಿದ ಗಿಡವನ್ನು ಬುಡಸಮೇತ ಕಿತ್ತು, ಅದೇ ದಿನ ಸುಟ್ಟುಬಿಡುವುದು. ಕೀಳುವ ಮೊದಲು ಮೇಸ್ತ್ರಿ ಒಂದು ಕಾಂಡ ಸೀಳಿ ಒಳಗಿನ ಹುಳವನ್ನು ತೋಟದ ಯಜಮಾನನಿಗೆ ತೋರಿಸಬೇಕು, ಯಜಮಾನ ಹೂಂ ಅನ್ನಬೇಕು. ಆ ಹೂಂ ಇಲ್ಲದೆ ಯಾವ ಆಳೂ ಗಿಡಕ್ಕೆ ಕೈ ಹಾಕುವುದಿಲ್ಲ.

ಕಲ್ಲೇಶನ ಬ್ಲಾಕಿನ ಮಟ್ಟಿಗೆ ಆ ಹೂಂ ನಾಲ್ಕು ವರ್ಷದಿಂದ ಬಂದಿರಲಿಲ್ಲ.

ಕಲ್ಲೇಶ ಅವರ ಮಗ. 1997ರ ಜೂನ್ ಮಳೆಯಲ್ಲಿ ಕೆಳಗಿನ ಇಳಿಜಾರಿನಲ್ಲಿ ತಾನೇ ಗುಂಡಿ ಹೊಡೆಸಿ, ತಾನೇ ನಿಂತು, ಹೊಸ ಜಾತಿಯ ಕುಳ್ಳ ಅರೇಬಿಕಾ ಸಸಿಗಳನ್ನು ನೆಡಿಸಿದ್ದ. ಮೊಣಕಾಲವರೆಗೂ ಕೆಸರು ಮಾಡಿಕೊಂಡು ಬಂದು, “ಅಪ್ಪಾಜಿ, ನಾಲ್ಕೇ ವರ್ಷ, ನಿಮ್ಮ ಮುದಿ ಗಿಡಗಳೆಲ್ಲ ನಾಚ್ಕೊಬೇಕು” ಎಂದಿದ್ದ. ಆ ವರ್ಷದ ಶ್ರಾವಣದಲ್ಲಿ ಕಾಮಾಲೆಯಾಯಿತು. ಮೊದಲು ನಾಟಿ ಮದ್ದು, ಆಮೇಲೆ ಚಿಕ್ಕಮಗಳೂರು, ಆಮೇಲೆ ಮಂಗಳೂರು. ಎಲ್ಲ ಆಯಿತು, ಹುಡುಗ ಉಳಿಯಲಿಲ್ಲ. ಇಪ್ಪತ್ತಾರು ತುಂಬಿರಲಿಲ್ಲ. ತೋಟದ ಮೇಲಿನ ಬಾಣೆಯ ಹುಲ್ಲುಗಾವಲಿನಲ್ಲಿ ಹಿರಿಯರ ಪಕ್ಕದಲ್ಲೇ ಅವನ ಸಮಾಧಿಯಾಯಿತು. ಸಸಿಗಳಿಗೆ ಯಾರು ಸತ್ತರೇನು, ಅವು ಚಿಗುರಿದವು.

ಮೂರನೇ ವರ್ಷಕ್ಕೇ ಅಲ್ಲಿ ಬೋರರ್ ಕಾಣಿಸಿತು. ಆ ಮಾರ್ಚಿನಲ್ಲಿ ಗುರುವಯ್ಯ ಸೀಳಿದ ಕಾಂಡ ಹಿಡಿದುಕೊಂಡು ಇದೇ ಅಂಗಳಕ್ಕೆ ಬಂದಾಗ ರುದ್ರಪ್ಪನವರ ಹೆಂಡತಿ ಶಂಕರಮ್ಮ ಜಗಲಿಯಲ್ಲಿ ಕೂತಿದ್ದರು. ಕಲ್ಲೇಶನ ಬ್ಲಾಕು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರು ದಡಕ್ಕನೆ ಎದ್ದು ಒಳಗೆ ಹೋಗಿಬಿಟ್ಟರು. ರುದ್ರಪ್ಪನವರು ಕೀಳುವುದು ಬೇಡವೆಂದು ಆಳುಗಳನ್ನು ವಾಪಸ್ಸು ಕಳಿಸಿದರು. ಅಂದಿನಿಂದ ಅದೊಂದು ಕಟ್ಟಳೆಯೇ ಆಗಿಹೋಯಿತು. ತಾಯಿ ಕರುಳು, ಮುಟ್ಟುವ ಹಾಗಿಲ್ಲ.

ಶಂಕರಮ್ಮನವರೂ ಹಾಗೆಯೇ ನಡೆದುಕೊಂಡರು ಎನ್ನಿ. ಬೆಳಗಿನ ಅಡುಗೆ ಮುಗಿಸಿ, ತೆಂಗಿನ ನಾರಿನ ಕೈಗವಸು ಹಾಕಿಕೊಂಡು, ಸುಣ್ಣದ ಬಕೆಟ್ ಹಿಡಿದು ಆ ಇಳಿಜಾರಿಗೆ ಇಳಿಯುವರು. ಒಂದೊಂದು ಗಿಡದ ಬುಡಕ್ಕೂ ಕುಕ್ಕರುಗಾಲಲ್ಲಿ ಕೂತು, ದುಂಬಿ ಮೊಟ್ಟೆ ಇಡಲಾಗದಂತೆ ಸಡಿಲ ತೊಗಟೆ ಉಜ್ಜಿ ತೆಗೆದು, ಮೇಲೆ ಸುಣ್ಣ ಬಳಿಯುವರು. ಅರವತ್ತರ ಹತ್ತಿರದ ಹೆಂಗಸು. ಮಂಡಿ ಊದಿಕೊಂಡಿತ್ತು, ಅಂಗೈ ಬಿರಿದು ಮನೆಯಲ್ಲಿ ಸೀರೆಯ ನೂಲಿಗೆಲ್ಲ ಸಿಕ್ಕಿಕೊಳ್ಳುತ್ತಿತ್ತು. ಮೇಲಿನ ದಾರಿಯಲ್ಲಿ ನಿಂತು ನೋಡುವ ರುದ್ರಪ್ಪನವರಿಗೆ ಗಂಟಲು ಕಟ್ಟುತ್ತಿತ್ತು. ಹತ್ತಿರ ಹೋಗಲು ಧೈರ್ಯ ಸಾಲದೆ ಹಾಗೆಯೇ ತಿರುಗಿ ಬರುತ್ತಿದ್ದರು. ಮಾತಾಡಬೇಕಾದ ಕಡೆ ಮಾತಾಡದೆ ಗಂಟಲು ಕಟ್ಟಿಸಿಕೊಳ್ಳುವುದರಲ್ಲಿ ಅವರು ನಿಸ್ಸೀಮರು.

ಈಗ ಹಳೇ ತೋಟಕ್ಕೂ ಬಂದಿತ್ತು. ಬೇಲಿಯಾಚೆಯ ಪರಮೇಶ್ವರಪ್ಪನವರು ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ನಾಲ್ಕು ಜನರ ಎದುರೇ, “ನಿಮ್ಮ ದುಂಬಿಗಳಿಗೆ ನಮ್ಮ ಬೇಲಿ ಕಾಣ್ಸಲ್ಲ ನೋಡಿ ರುದ್ರಪ್ಪ” ಎಂದು ನಕ್ಕಿದ್ದರು. ನಗುವಿನಲ್ಲಿ ನಗು ಇರಲಿಲ್ಲ. ಅಪ್ಪ ನೆಟ್ಟ ಗಿಡಗಳನ್ನೂ ನೆರೆಯವರ ಗಿಡಗಳನ್ನೂ ಉಳಿಸಬೇಕೆಂದರೆ ಮಳೆಗೆ ಮುಂಚೆ ಮಗ ನೆಟ್ಟದ್ದನ್ನು ಕೀಳಲೇಬೇಕು. ಅದನ್ನು ಹೆಂಡತಿಗೆ ಹೇಳುವವರು ಯಾರು? ಇದನ್ನೇ ಯೋಚಿಸಿ ಯೋಚಿಸಿ ರುದ್ರಪ್ಪನವರು ದಣಿದುಹೋಗಿದ್ದರು. ಬೆಳಿಗ್ಗೆ ಎದ್ದಾಗಲೇ ಸುಸ್ತು.

“ಒಂದ್ ವಾರ ತಡಿ ಗುರುವಯ್ಯ,” ಎಂದರು.

“ಮೋಡ ತಡೀಬೇಕಲ್ಲ ಸಾವ್ಕಾರ್ರೆ,” ಎಂದು ಗುರುವಯ್ಯ ಟವಲು ಸುತ್ತಿಕೊಂಡು ಹೊರಟ.

ಭಾನುವಾರ ಮಧ್ಯಾಹ್ನ ಮಗಳ ಫೋನು ಬಂತು. ಸೌಂದರ್ಯ ಕಲ್ಲೇಶನಿಗಿಂತ ನಾಲ್ಕು ವರ್ಷ ಚಿಕ್ಕವಳು. ಓದಿದ್ದು ಜೀವಶಾಸ್ತ್ರ, ಕೆಲಸ ಹಿಡಿದದ್ದು ಮಲ್ಪೆಯ ಕಡಲಲ್ಲಿ ಡಾಲ್ಫಿನ್ ನೋಡುವುದು. ದೋಣಿಯಲ್ಲಿ ಹೋಗಿ ಅವು ಎಲ್ಲಿವೆ, ಹೇಗಿವೆ ಎಂದು ನೋಡಿ ಬರೆದುಕೊಂಡು ಬರುವುದಕ್ಕೂ ಸಂಬಳ ಕೊಡುತ್ತಾರೆಂದು ಜಾವಳಿಯಲ್ಲಿ ಯಾರೂ ನಂಬಿರಲಿಲ್ಲ. “ಕೊರಳಲ್ಲಿ ಲಿಂಗ ಕಟ್ಕಂಡೋರ ಮನೆ ಹುಡುಗಿ ಮೀನಿನ ಹಿಂದೆ ಹೋದ್ಲಂತೆ” ಎಂದು ನೆಂಟರ ಮದುವೆಗಳಲ್ಲಿ ಪಾಯಸದ ಜೊತೆಗೆ ಬಡಿಸುವ ಮಾತಾಗಿತ್ತು ಅದು. ರುದ್ರಪ್ಪನವರಿಗೂ ಮೊದಲು ಸಿಟ್ಟು ಬಂದಿತ್ತು. ಇಷ್ಟು ತೋಟವಿರುವಾಗ ಕಾಫಿ ಬಿಟ್ಟು ಮೀನೇ? “ನಮ್ಮ ಗಿಡ ನಿನ್ನ ಮೀನಿಗಿಂತ ಯಾವುದ್ರಲ್ಲಿ ಕಮ್ಮಿಯೇ?” ಎಂದು ಫೋನಿನಲ್ಲಿ ರೇಗಿದ್ದರು. “ಮೀನಲ್ಲ ಅಪ್ಪಾಜಿ ಅದು. ಹೋಲಿಸಿ ನೋಡೋಣ ಬನ್ನಿ” ಎಂದು ಅವಳು ಜಗಳಕ್ಕೆ ನಿಂತಿದ್ದಳು.

ಅಂದು ಶುರುವಾದ ಆಟ ಅದು. ಅರೇಬಿಕಾ ಹೂ ಬಿಟ್ಟು ಹಣ್ಣಾಗಲು ಎಂಟೊಂಬತ್ತು ತಿಂಗಳು ಎಂದು ಇವರೆಂದರೆ, ಡಾಲ್ಫಿನ್ ಸುಮಾರು ಒಂದು ವರ್ಷ ಹೊರುತ್ತದೆ, ಅದೂ ಒಂದೇ ಮರಿ ಎಂದು ಅವಳು. ನಮ್ಮ ಗಿಡಕ್ಕೆ ಬಿಸಿಲು ಜಾಸ್ತಿಯಾದರೂ ಆಗದು, ನೆರಳು ಜಾಸ್ತಿಯಾದರೂ ಆಗದು ಎಂದರೆ, ಡಾಲ್ಫಿನ್ನಿಗೆ ನೀರು ಬಿಟ್ಟರೂ ಆಗದು, ನೀರಲ್ಲೇ ಇದ್ದರೂ ಆಗದು, ಉಸಿರಿಗೆ ಮೇಲೆ ಬರಲೇಬೇಕು ಎಂದು ಅವಳು. ನಮ್ಮ ಗಿಡ ಊರಿಗೆಲ್ಲ ಕೆಲಸ ಕೊಡುತ್ತದೆ ಎಂದು ಇವರು. ನನಗೂ ಡಾಲ್ಫಿನ್ನೇ ಕೆಲಸ ಕೊಟ್ಟಿದೆ ಎಂದು ಅವಳು. ಸಾವಿನ ಮನೆಯ ಮೌನದಲ್ಲಿ ಅಪ್ಪ ಮಗಳಿಗೆ ಮಾತಾಡಲು ಬೇರೇನೂ ಉಳಿಯದಿದ್ದಾಗ ಈ ಹುಚ್ಚಾಟವೇ ಕೈ ಹಿಡಿದಿತ್ತು. ಆದರೆ ಎಷ್ಟು ವರ್ಷ ಆಡುತ್ತೀರಿ? ಈಚೆಗೆ ಅದರಲ್ಲೂ ಹುರುಪಿರಲಿಲ್ಲ.

“ಗಿಡ ಹೆಂಗಿದೆ ಅಪ್ಪಾಜಿ?” ಎಂದಳು ಸೌಂದರ್ಯ.

“ಇದೆ. ನಿನ್ನ ಮೀನು?”

“ಮೀನಲ್ಲ. ಅದೂ ಇದೆ. ಒಂದ್ ಸಲ ಬಂದು ನೋಡಿ. ಅಮ್ಮನ್ನೂ ಕರ್ಕಂಡ್ ಬನ್ನಿ. ಎಷ್ಟ್ ದಿನ ಫೋನಲ್ಲೇ ಹೋಲಿಸ್ತೀರ? ಅಮ್ಮನ ದನಿ ಕೇಳಿದ್ರೆ ಸಾಕಾಗಿರೋ ಹಂಗೆ ಕೇಳುತ್ತೆ.”

ಶಂಕರಮ್ಮನಿಗೆ ಬದಲಾವಣೆಯಾಗಲಿ, ಅಲ್ಲಿ ಮಗಳ ಎದುರಿಗೆ ಗಿಡದ ವಿಷಯ ಎತ್ತೋಣ ಎಂದು ರುದ್ರಪ್ಪನವರು ಲೆಕ್ಕ ಹಾಕಿದರು. ಎರಡು ದಿನದಲ್ಲಿ ಗಂಡ ಹೆಂಡತಿ ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿ ಚಾರ್ಮಾಡಿ ಘಾಟಿ ಇಳಿದರು.

ಮಾರನೆಯ ಬೆಳಿಗ್ಗೆ ಮಲ್ಪೆಯಲ್ಲಿ ಸೌಂದರ್ಯ ಅವರನ್ನು ಸಣ್ಣದೊಂದು ಯಂತ್ರದ ದೋಣಿಗೆ ಹತ್ತಿಸಿದಳು. ಶಂಕರಮ್ಮ ಬಾಯಿಗೆರಡು ಏಲಕ್ಕಿ ಹಾಕಿಕೊಂಡು, ಎರಡೂ ಕೈಯಲ್ಲಿ ಹಲಗೆ ಹಿಡಿದು ಕೂತರು. ಕಡಲು ಅಲೆಯಿಲ್ಲದೆ ಮಲಗಿತ್ತು. ದಡ ಸಣ್ಣದಾಗುತ್ತಿದ್ದ ಹಾಗೆ ಎಡಕ್ಕೆ ‘ಫುಸ್’ ಎಂದು ಸದ್ದಾಯಿತು. ಬೂದು ಬಣ್ಣದ ಬೆನ್ನೊಂದು, ಅದರ ಮೇಲೊಂದು ಡುಬ್ಬ, ನೀರಿನಿಂದೆದ್ದು ಉರುಳಿಕೊಂಡು ಒಳಗೆ ಹೋಯಿತು.

“ಇದೇ ಅಪ್ಪಾಜಿ, ನಮ್ಮ ಡುಬ್ಬದ ಡಾಲ್ಫಿನ್. ಈ ಜಾತಿ ದಡ ಬಿಟ್ಟು ದೂರ ಹೋಗಲ್ಲ.”

“ಹಂಗಾದ್ರೆ ಇದೂ ಮನೆ ಬಿಟ್ಟು ಹೋಗದ ಜಾತಿಯೇ. ನಿನಗಿಂತ ವಾಸಿ ಬಿಡು,” ಎಂದರು ರುದ್ರಪ್ಪನವರು. ಬಹಳ ದಿನದ ಮೇಲೆ ಅವರ ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು. ಸೌಂದರ್ಯ ನಕ್ಕಳು. ಅಷ್ಟರಲ್ಲಿ ದೋಣಿಯವರು ಯಂತ್ರ ನಿಲ್ಲಿಸಿ, ಕೈ ಮುಂದೆ ಮಾಡಿ ತೋರಿಸಿದರು.

“ಮೇಡಂ, ಅಲ್ಲಿ ನೋಡಿ. ಅದೇ ಮೊನ್ನೆಯದ್ದು. ಇನ್ನೂ ಹೊತ್ಕೊಂಡೇ ತಿರುಗ್ತಾ ಉಂಟು.”

ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಡಾಲ್ಫಿನ್ ಮೆಲ್ಲಗೆ ಬರುತ್ತಿತ್ತು. ಅದರ ಮೂತಿಯ ಮೇಲೆ ಎರಡು ಮೊಳ ಉದ್ದದ ಏನೋ ಜೋತಾಡುತ್ತಿತ್ತು. ಮರಿ. ಅದರ ಚರ್ಮ ಅಲ್ಲಲ್ಲಿ ಸುಲಿದು ಬಿಳಿಚಿಕೊಂಡಿತ್ತು. ತಾಯಿ ಅದನ್ನು ನೀರಿನ ಮೇಲಕ್ಕೆ ಎತ್ತಿ ಹಿಡಿಯುವುದು, ಅದು ಜಾರಿ ಬೀಳುವುದು, ತಾಯಿ ಮುಳುಗಿ ಕೆಳಗಿನಿಂದ ಮತ್ತೆ ಮೂತಿಯ ಮೇಲೆ ತಂದುಕೊಳ್ಳುವುದು, ಮತ್ತೆ ಎತ್ತಿ ಹಿಡಿಯುವುದು.

“ಹುಟ್ಟಿದ ಮರಿಗೆ ತಾನಾಗೇ ಮೇಲೆ ಬಂದು ಉಸಿರಾಡೋಕೆ ಬರದೇ ಹೋದ್ರೆ ತಾಯಿ ಹಿಂಗೆ ಎತ್ತಿ ಕೊಡುತ್ತೆ,” ಎಂದಳು ಸೌಂದರ್ಯ ಕಡೆಗೆ. “ಸತ್ತಿದೆ ಅಂತ ಅದಕ್ಕೆ ಗೊತ್ತಿಲ್ವೋ, ಗೊತ್ತಿದ್ದೂ ಬಿಡಕ್ಕಾಗ್ತಿಲ್ವೋ, ನಮ್ಗೆ ಗೊತ್ತಾಗಲ್ಲ.”

ರುದ್ರಪ್ಪನವರು ಹೆಂಡತಿಯ ಕಡೆ ನೋಡಲಾರದೆ ತಮ್ಮ ಚಪ್ಪಲಿ ನೋಡಿಕೊಂಡರು. ಇಂಥದ್ದನ್ನು ತೋರಿಸಲಿಕ್ಕಾ ಇಷ್ಟು ದೂರ ಕರೆದುಕೊಂಡು ಬಂದದ್ದು? ನಾರಿನ ಕೈಗವಸು, ಸುಣ್ಣದ ಬಕೆಟ್ಟು, ಬಿರಿದ ಅಂಗೈ, ಎಲ್ಲ ಕಣ್ಣ ಮುಂದೆ ಬಂತು. ಆದರೆ ಶಂಕರಮ್ಮ ಅಳುತ್ತಿರಲಿಲ್ಲ. ಹಲಗೆ ಬಿಟ್ಟು ಮುಂದಕ್ಕೆ ಬಾಗಿ ನೋಡುತ್ತಿದ್ದರು.

“ಅದರ ಪಕ್ಕದಲ್ಲಿ ಇನ್ನೊಂದಿದೆಯಲ್ಲ ಸೌಂದೂ, ಅದು ಯಾವುದು?”

ಹೌದು, ಇನ್ನೊಂದಿತ್ತು. ತಾಯಿಯ ಮಗ್ಗುಲಿಗೆ ಅಂಟಿಕೊಂಡ ಹಾಗೆ, ಅದು ನಿಂತರೆ ನಿಂತು, ಅದು ಮುಳುಗಿದರೆ ಮುಳುಗಿ ಬರುತ್ತಿತ್ತು.

“ಜೊತೆಯದ್ದು ಅಮ್ಮ. ಬಿಟ್ಟು ಹೋಗಲ್ಲ, ಸುಮ್ನೆ ಪಕ್ಕದಲ್ಲಿರುತ್ತೆ.”

“ಅದು ಏನಾದ್ರೂ ತಿನ್ನುತ್ತಾ?”

“ತಾಯಿ ಹಿಂಗೇ ತಿರುಗ್ತಿದ್ರೆ ಅದಕ್ಕೆಲ್ಲಿ ಬೇಟೆಗೆ ಪುರುಸೊತ್ತು?”

“ಅಯ್ಯೋ, ಅದಕ್ಕೆಷ್ಟು ಸುಸ್ತಾಗಿರ್ಬೇಡ,” ಎಂದರು ಶಂಕರಮ್ಮ. ದಡ ಸೇರುವವರೆಗೂ ತಿರುಗಿ ತಿರುಗಿ ಆ ಕಡೆಯೇ ನೋಡಿದರು. ಗಿಡದ ಮಾತು ಎತ್ತಬೇಕೆಂದು ಬಂದಿದ್ದ ರುದ್ರಪ್ಪನವರು ಎತ್ತಲಿಲ್ಲ.

ಹಿಂತಿರುಗುವ ಬಸ್ಸು ಚಾರ್ಮಾಡಿಯ ತಿರುವುಗಳನ್ನು ಹತ್ತುವಾಗ ಶಂಕರಮ್ಮ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರು. ರುದ್ರಪ್ಪನವರು ಒಬ್ಬರೇ ಕೂತು ಎರಡೂ ಕಡೆಯ ಆಟ ಆಡಿದರು. ಡಾಲ್ಫಿನ್ನಿನ ಸತ್ತ ಮರಿ ನೀರಿನ ಮೇಲಿದೆ, ದಾರಿಹೋಕರಿಗೂ ಕಾಣುತ್ತದೆ. ಗಿಡದ್ದು ತೊಗಟೆಯ ಒಳಗೆ, ಯಜಮಾನನಿಗೂ ಕಾಣುವುದಿಲ್ಲ. ಡಾಲ್ಫಿನ್ ಹೊತ್ತು ತಿರುಗಿದರೆ ಕೂಳು ತಪ್ಪುವುದು ಅದಕ್ಕೆ ಮತ್ತು ಪಕ್ಕದಲ್ಲಿರುವ ಇನ್ನೊಂದಕ್ಕೆ. ಬೋರರ್ ಹಿಡಿದ ಗಿಡ ಉಳಿಸಿಕೊಂಡರೆ ಸುತ್ತಲಿನ ತೋಟಕ್ಕೆಲ್ಲ ಕೇಡು. ಡಾಲ್ಫಿನ್ ಕೊನೆಗೊಂದು ದಿನ ಸೋತು ಬಿಟ್ಟುಬಿಡುತ್ತದೆ, ಅದಕ್ಕೆ ಗುರುವಯ್ಯನ ಹಾಗೆ ಕೇಳುವವರು ಯಾರೂ ಬೇಕಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವರು ಆಟ ಬಿಟ್ಟುಕೊಟ್ಟರು. ಡಾಲ್ಫಿನ್ನೇ ಹೆಚ್ಚು. ಪಾಪ ಇವಳು, ಎಂದುಕೊಂಡರು ಹೆಂಡತಿಯ ಮುಖ ನೋಡಿ. ನಾನೇ ಧೈರ್ಯ ಮಾಡಿ ಇವಳ ಕೈಯಿಂದ ಅದನ್ನು ಇಳಿಸಬೇಕು. ಎಷ್ಟು ಮೃದುವಾಗಿ ಹೇಳಬೇಕೆಂದು ಕೊಟ್ಟಿಗೆಹಾರ ಬರುವವರೆಗೂ ಮಾತು ಜೋಡಿಸಿದರು.

ಬೆಳಿಗ್ಗೆ ಎದ್ದು ನೋಡಿದರೆ ದಕ್ಷಿಣದಲ್ಲಿ ಮೋಡ ಕಟ್ಟಿತ್ತು. ಶಂಕರಮ್ಮ ಆಗಲೇ ಬಕೆಟ್ ಹಿಡಿದು ಇಳಿದಿದ್ದರು. ರುದ್ರಪ್ಪನವರು ಗುರುವಯ್ಯನಿಗೆ ಹೇಳಿಕಳಿಸಿ, ಇಳಿಜಾರಿನ ಮೇಲಿನ ದಾರಿಯಲ್ಲಿ ಎಂದಿನಂತೆ ನಿಂತರು. ಈ ಸಲ ತಿರುಗಲಿಲ್ಲ, ನೆರಳಿಗೆ ನೆಟ್ಟ ಸಿಲ್ವರ್ ಮರ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಳಿದರು. ಹೆಂಡತಿ ಒಂದು ಗಿಡದ ಬುಡದಲ್ಲಿ ಕೂತಿದ್ದರು. ಇವರು ಎದುರಿಗೆ ಕೂತುಕೊಂಡರು.

“ಶಂಕರಿ, ನೋಡು, ನಿಂಗೆ ಎಷ್ಟು ಕಷ್ಟ ಆಗುತ್ತೆ ಅಂತ ನಂಗೊತ್ತು. ನೀನು ಹೆತ್ತ ತಾಯಿ. ನಾನು ನಾಲ್ಕು ವರ್ಷದಿಂದ ಒಂದು ಮಾತಾಡಿಲ್ಲ. ನಿನ್ ಮನಸ್ಸು ನೋಯಿಸ್ಬಾರ್ದು ಅಂತ. ಆದ್ರೆ ಈ ಗಿಡಗಳು…”

“ಕೀಳಿಸ್ತೀರಾ?” ಎಂದರು ಶಂಕರಮ್ಮ.

ಜೋಡಿಸಿಟ್ಟ ಮಾತೆಲ್ಲ ಅಲ್ಲೇ ನಿಂತಿತು. “ನೀನು ಹೂಂ ಅಂದ್ರೆ,” ಎಂದರು.

ಶಂಕರಮ್ಮ ಕೈಗವಸು ಬಿಚ್ಚಿದರು. ಬಿಚ್ಚಿ ಅದನ್ನೇ ನೋಡುತ್ತ ಕೂತರು. “ನಾನು ಯಾವಾಗ ಬೇಡ ಅಂದಿದ್ದೆ ರೀ?”

ರುದ್ರಪ್ಪನವರು ಹುಡುಕಿದರು. ನಾಲ್ಕು ವರ್ಷವನ್ನೂ ತಡಕಾಡಿದರು. ಒಂದೇ ಒಂದು ಸಂಗತಿ ಸಿಕ್ಕಿತು. “ಆವತ್ತು ಗುರುವಯ್ಯ ಮೊದಲ ಸಲ ಕೇಳ್ದಾಗ ನೀನು ಎದ್ದು ಒಳಗೆ ಹೋದ್ಯಲ್ಲ. ಮುಖ ಕೂಡ ತೋರಿಸ್ಲಿಲ್ಲ.”

“ನೆನಪಿಲ್ಲ ನಂಗೆ. ಒಲೆ ಮೇಲೆ ಹಾಲಿಟ್ಟಿದ್ನೇನೋ. ಆ ಹೊತ್ತಿಗೆ ನಾನು ಇನ್ಯಾಕೆ ಒಳಗೆ ಹೋಗ್ತೀನಿ?” ಶಂಕರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡುವಷ್ಟು ಶಕ್ತಿಯೂ ಇರಲಿಲ್ಲ. “ವಾಪಸ್ ಬಂದು ನೋಡಿದ್ರೆ ನೀವು ಆಳುಗಳನ್ನ ಕಳಿಸ್ಬಿಟ್ಟಿದ್ರಿ. ಕಣ್ಣೆಲ್ಲ ಕೆಂಪಾಗಿತ್ತು. ಓಹೋ, ಇವ್ರ ಕೈಲಿ ಆಗ್ತಿಲ್ಲ, ಆಗೋವರ್ಗೂ ಇರ್ಲಿ ಅಂದ್ಕಂಡೆ. ಅಲ್ಲೀವರ್ಗೂ ಹುಳ ಆ ಕಡೆ ತೋಟಕ್ಕೆ ಹೋಗ್ಬಾರ್ದಲ್ಲ. ನೀವು ಕೀಳಿಸಲ್ಲ, ಆಳು ಕಳ್ಸಲ್ಲ. ಯಾರಾದ್ರೂ ಉಜ್ಜಬೇಕಲ್ಲ ರೀ.”

“ನೀನು ದಿನಾ ಬರ್ತಿದ್ದದ್ದು…”

“ಇದಕ್ಕೇ. ಕಲ್ಲೇಶನ್ನ ನೋಡ್ಬೇಕು ಅನ್ಸಿದ್ರೆ ನಾನು ಬಾಣೆಗೆ ಹೋಗ್ತೀನಿ. ಗಿಡದಲ್ಲಿ ಅವನೆಲ್ಲಿದಾನೆ?”

ಕೆಳಗಿನ ಹಳ್ಳದ ಕಡೆಯಿಂದ ಗುರುವಯ್ಯನ ಆಳುಗಳ ಮಾತು ಕೇಳಿಬರುತ್ತಿತ್ತು. ರುದ್ರಪ್ಪನವರು ಹೆಂಡತಿಯ ಅಂಗೈ ನೋಡಿದರು. ಸುಣ್ಣ ಬಿರುಕುಗಳ ಒಳಗೆಲ್ಲ ಇಳಿದು ಗೆರೆಗೆರೆಯಾಗಿತ್ತು.

“ಮಲ್ಪೆಯಲ್ಲಿ ಅದನ್ನ ನೋಡಿ ನಿಂಗೆ ಸಂಕಟ ಆಗಿರ್ಬೇಕು ಅಂತ…” ಎಂದು ಏನೋ ಹೇಳಹೊರಟರು.

“ಆಯ್ತು. ಆದ್ರೆ ನೀವು ನನ್ನ ಯಾವುದು ಅಂದ್ಕಂಡ್ರಿ?” ಶಂಕರಮ್ಮ ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು. “ನಾನು ಆ ಹೊತ್ಕಂಡಿದ್ದದ್ದಲ್ಲ ರೀ. ಪಕ್ಕದ್ದು.”

ಇಷ್ಟು ಹೇಳಿ ಅವರು ಬಕೆಟ್ಟನ್ನು ಅಲ್ಲೇ ಬಿಟ್ಟು ದಾರಿಯ ಪಕ್ಕದ ಬಂಡೆಯ ಮೇಲೆ ಹೋಗಿ ಕೂತರು. ಸುಣ್ಣ ಉಳಿದಿರುವಾಗ ಅವರು ಕೆಲಸ ಬಿಟ್ಟದ್ದನ್ನು ರುದ್ರಪ್ಪನವರು ಅದುವರೆಗೆ ನೋಡಿರಲಿಲ್ಲ. ಅವರಿಗೆ ಅಳು ಬಂತು. ಮಗನಿಗಾಗಿ ಎಷ್ಟೋ ಅತ್ತಿದ್ದರು, ಇದು ಅದಲ್ಲ. ಕಣ್ಣೆದುರಿಗೇ ದಿನಾ ಒಬ್ಬಳು ದಣಿಯುತ್ತಿದ್ದದ್ದನ್ನು ಪ್ರೀತಿಯೆಂದು ದೂರದಿಂದ ನೋಡಿ, ಗಂಟಲು ಕಟ್ಟಿಸಿಕೊಂಡು, ಮನೆಗೆ ಹೋಗಿ ಅವಳೇ ಮಾಡಿಟ್ಟ ರೊಟ್ಟಿ ತಿಂದಿದ್ದರಲ್ಲ, ಅದಕ್ಕೆ ಬಂದ ಅಳು.

ಗುರುವಯ್ಯ ಬಂದು ಒಂದು ಗಿಡದ ಕಾಂಡ ಕಡಿದು ಕತ್ತಿಯಿಂದ ಸೀಳಿದ. ಒಳಗೆಲ್ಲ ಹಿಟ್ಟು. ಹಿಟ್ಟಿನ ನಡುವೆ ಬಿಳೀ ಹುಳವೊಂದು ಬೆಳಕಿಗೆ ಮುದುಡಿಕೊಂಡಿತು. ಕಟ್ಟಳೆಯಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಯಜಮಾನರ ಮುಂದೆ ನಿಂತ. ಪ್ರಶ್ನೆ ಕೇಳಲಿಲ್ಲ.

“ಹೂಂ,” ಎಂದರು ರುದ್ರಪ್ಪನವರು.

ಮೊದಲ ಗಿಡ ನಾನೇ ಕೀಳುತ್ತೇನೆಂದು ಪಂಚೆ ಎತ್ತಿ ಕಟ್ಟಿದರು. ಮಗ ನೆಟ್ಟ ಗಿಡ, ಬೇರು ಎಷ್ಟು ಆಳಕ್ಕೆ ಹೋಗಿದೆಯೋ ಎಂದು ಕಾಲು ಊರಿ, ಎರಡೂ ಕೈಯಲ್ಲಿ ಬುಡ ಹಿಡಿದು, ಉಸಿರು ಕಟ್ಟಿ ಎಳೆದರು. ಅದು ನೆಲದ ಮಟ್ಟಕ್ಕೆ ಲಟ್ಟೆಂದು ಮುರಿದು ಕೈಗೆ ಬಂತು. ಬೇರು ಎಂದೋ ಪುಡಿಯಾಗಿಹೋಗಿತ್ತು. ಅಷ್ಟು ಬಲ ಹಾಕಿದ್ದ ರುದ್ರಪ್ಪನವರು ಗಿಡ ಸಮೇತ ಹಿಂದಕ್ಕೆ ಬಿದ್ದು ತರಗೆಲೆಯ ಮೇಲೆ ಕೂತುಬಿಟ್ಟರು. ಆಳುಗಳು ನಗು ತಡೆದುಕೊಂಡು ಬೇರೆ ಕಡೆ ನೋಡಿದರು. ಬಂಡೆಯ ಮೇಲಿದ್ದ ಶಂಕರಮ್ಮ ಮಾತ್ರ ಬಾಯಿಗೆ ಸೆರಗು ಹಿಡಿದು ನಕ್ಕೇಬಿಟ್ಟರು. ನಗುತ್ತ ನಗುತ್ತ ಸೆರಗಿನಿಂದಲೇ ಕಣ್ಣು ಒರೆಸಿಕೊಂಡರು.

ಅಂದು ಸಂಜೆಯೊಳಗೆ ಇಳಿಜಾರು ಬೋಳಾಯಿತು. ಹಳೇ ತೋಟದಲ್ಲಿ ಹಿಡಿದಿದ್ದ ಗಿಡಗಳನ್ನೂ ಮಾರನೆಯ ದಿನ ಕಿತ್ತರು. ಕೊನೆಯ ರಾಶಿಗೆ ಬೆಂಕಿ ಹಾಕಿ ಮುಗಿಸಿದ ಮೇಲೆ ನಾಲ್ಕು ದೊಡ್ಡ ಹನಿ ಬಿದ್ದು ಮಣ್ಣಿನ ವಾಸನೆ ಎದ್ದಿತು. ಹಳೇ ಗಿಡಗಳು ಎಷ್ಟು ಉಳಿಯುತ್ತವೆ ಎಂದು ಗುರುವಯ್ಯನನ್ನು ಕೇಳಿದರೆ, “ನೋಡ್ಬೇಕು ಸಾವ್ಕಾರ್ರೆ” ಎಂದ. ತಡವಾಯಿತು ಎಂದು ಅವನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಭಾನುವಾರ ಊಟವಾದ ಮೇಲೆ ಶಂಕರಮ್ಮ ಜಗಲಿಯ ಬೆಂಚಿನ ಮೇಲೆ ಹಾಗೇ ಅಡ್ಡಾದವರು ನಿದ್ದೆ ಹೋದರು. ಕೈ ಬೆಂಚಿನಿಂದ ಕೆಳಗೆ ಇಳಿಬಿದ್ದಿತ್ತು. ರುದ್ರಪ್ಪನವರು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು, ಆ ಅಂಗೈಗೆ ಹಚ್ಚುವುದೋ ಬೇಡವೋ, ಎಚ್ಚರವಾದರೆ ಏನು ಮಾಡುವುದು ಎಂದು ಬಟ್ಟಲು ಹಿಡಿದುಕೊಂಡು ನಿಂತಿದ್ದರು. ಒಳಗೆ ಫೋನು ಹೊಡೆದುಕೊಂಡಿತು. ಎರಡನೇ ಸದ್ದಾಗುವ ಮೊದಲು ಓಡಿಹೋಗಿ ಎತ್ತಿದರು.

“ಗಿಡ ಹೆಂಗಿದೆ ಅಪ್ಪಾಜಿ?”

“ಮೆಲ್ಲಗೆ ಮಾತಾಡು, ನಿಮ್ಮಮ್ಮ ಮಲಗಿದಾಳೆ,” ಎಂದರು ರುದ್ರಪ್ಪನವರು ಪಿಸುದನಿಯಲ್ಲಿ. “ಕಲ್ಲೇಶನ ಬ್ಲಾಕು ಕೀಳಿಸ್ದೆ.”

“ಒಳ್ಳೇದಾಯ್ತು ಬಿಡಿ,” ಎಂದಳು ಸೌಂದರ್ಯ. ಅವಳ ದನಿ ಒದ್ದೆಯಾಗಿತ್ತು.

“ನಿನ್ನ ಮೀನು ಏನಾಯ್ತು?”

“ಮೀನಲ್ಲ ಅಪ್ಪಾಜಿ. ನಿನ್ನೆ ಸಿಕ್ತು. ಮರಿ ಇರ್ಲಿಲ್ಲ, ಬಿಟ್ಟಿದೆ.”

“ಅದಲ್ಲ ಕಣೇ,” ಎಂದರು ರುದ್ರಪ್ಪನವರು. ತೆರೆದ ಬಾಗಿಲಿನಾಚೆ ಬೆಂಚಿನಿಂದ ಇಳಿಬಿದ್ದ ಕೈ ಕಾಣುತ್ತಿತ್ತು. “ಪಕ್ಕದ್ದು. ಅದು ಏನಾದ್ರೂ ತಿಂತಾ?”